ಕವಿತೆಗೆ ಕಂಠವಾದ ಚನ್ನರಾಯಪಟ್ಟಣದ ಅಶ್ವತ್ಥ್

ಹಾಸನ ಜಿಲ್ಲೆಯ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಕಣ್ಣ ಮುಂದೆ ನಿಲ್ಲುವುದು ಕಲ್ಲು. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಶ್ರವಣಬೆಳಗೊಳದ ಗೊಮ್ಮಟ, ಇವುಗಳ ಕೀರ್ತಿ ಬಹು ದೊಡ್ಡದು. ಆ ಕೀರ್ತಿಯ ನೆರಳಿನಲ್ಲಿ ಜಿಲ್ಲೆಯ ಇನ್ನೊಂದು ಸಂಪತ್ತು ಲೋಕದ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಅದು ನಾದಸಂಪತ್ತು.

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲೆ ರುದ್ರಪಟ್ಟಣವೆಂಬ ಸಣ್ಣ ಊರಿದೆ. ಸಂಗೀತಗಾರರ ಊರೆಂದೇ ಅದಕ್ಕೆ ಹೆಸರು. ಕರ್ನಾಟಕ ಸಂಗೀತದ ಹಿರಿಯ ವಿದ್ವಾಂಸರಾಗಿ ಬಾಳಿ, 2011ರಲ್ಲಿ ಪದ್ಮಭೂಷಣ ಪ್ರಶಸ್ತಿ ಪಡೆದ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅರಕಲಗೂಡನ್ನು ತಮ್ಮ ಹೆಸರಿನ ಮೊದಲಕ್ಷರವಾಗಿ ಹೊತ್ತ ಅ. ನ. ಕೃಷ್ಣರಾಯರು ಸಂಗೀತಗಾರನ ಬಾಳನ್ನೇ ವಸ್ತುವಾಗಿಸಿಕೊಂಡು 'ಸಂಧ್ಯಾರಾಗ'ವನ್ನು ಬರೆದರು. 1966ರಲ್ಲಿ ಅದು ಚಲಚ್ಚಿತ್ರವಾಗಿ ಬೆಳ್ಳಿತೆರೆಯನ್ನೂ ಕಂಡಿತು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು 2001ರಲ್ಲಿ ಪ್ರಕಟಿಸಿದ 'ಮಂದ್ರ'ವೂ ಸಂಗೀತಗಾರನ ಕಥೆಯೇ.

ಇದೇ ನೆಲದಲ್ಲಿ, ಚನ್ನರಾಯಪಟ್ಟಣದಲ್ಲಿ, 1939ರ ಡಿಸೆಂಬರ್ 29ರಂದು ಸಿ. ಅಶ್ವತ್ಥ್ ಅವರು ಜನಿಸಿದರು. ರುದ್ರಪಟ್ಟಣದ ವಿದ್ವಾಂಸರಂತೆ ಅವರು ಶಾಸ್ತ್ರೀಯ ಸಂಗೀತದ ಕಛೇರಿಗಳನ್ನು ಆಳಲಿಲ್ಲ. ಚಿತ್ರರಂಗದ ಅತ್ಯಂತ ಬಿಡುವಿಲ್ಲದ ಸಂಗೀತ ನಿರ್ದೇಶಕರಲ್ಲಿ ಒಬ್ಬರೂ ಆಗಲಿಲ್ಲ. ಆದರೆ ಪುಸ್ತಕದೊಳಗೆ ಮಲಗಿದ್ದ ಕನ್ನಡ ಕವಿತೆಯನ್ನು ಎಬ್ಬಿಸಿ ಬೀದಿಗೆ, ಬಸ್ಸಿಗೆ, ಅಡುಗೆಮನೆಗೆ, ಮದುವೆಯ ಚಪ್ಪರಕ್ಕೆ ಕರೆತಂದವರ ಸಾಲಿನಲ್ಲಿ ಅವರದು ಮುಂದಿನ ಸ್ಥಾನ. ಹೊಳೆನರಸೀಪುರವನ್ನು ಹಾದು ಹರಿಯುವ ಹೇಮಾವತಿ ಮುಂದೆ ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುವಂತೆ, ಹಿಂದೂಸ್ತಾನಿ ಸಂಗೀತ, ರಂಗಗೀತೆ, ಜಾನಪದ, ಸಿನಿಮಾ ಈ ಎಲ್ಲವೂ ಅವರಲ್ಲಿ ಬಂದು ಕೂಡಿದವು.

ಕಾರ್ಖಾನೆಯೂ ಹಾರ್ಮೋನಿಯಮ್ಮೂ

ಅಶ್ವತ್ಥರ ವಿದ್ಯಾಭ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದರು. ಹಿಂದೂಸ್ತಾನಿ ಗಾಯನವನ್ನು ದೇವಗಿರಿ ಶಂಕರರಾವ್ ಜೋಶಿಯವರಲ್ಲಿ ಕಲಿತರು. ಹೊಟ್ಟೆಪಾಡಿಗೆ ಹಿಡಿದದ್ದು ದೂರವಾಣಿ ನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯ ಉದ್ಯೋಗವನ್ನು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಆರಂಭವಾದ ಈ ಕಾರ್ಖಾನೆ ದೇಶಕ್ಕೆ ಬೇಕಾದ ಟೆಲಿಫೋನುಗಳನ್ನು ತಯಾರಿಸುತ್ತಿತ್ತು. ಒಬ್ಬರ ದನಿಯನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವ ಯಂತ್ರದ ನಡುವೆ ಅಶ್ವತ್ಥರು ಇಪ್ಪತ್ತೇಳು ವರ್ಷ ದುಡಿದರು.

ಈ ಇಪ್ಪತ್ತೇಳು ವರ್ಷಗಳ ಲೆಕ್ಕ ಮುಖ್ಯವಾದುದು. ಹಗಲು ಕಾರ್ಖಾನೆ, ಸಂಜೆ ಸಂಗೀತ ಎಂಬ ದಿನಚರಿ ಸುಲಭವಲ್ಲ. ಚಿತ್ರಸಂಗೀತವನ್ನೇ ನಂಬಿ ಬದುಕುವವರು ಬಂದ ಅವಕಾಶವನ್ನು ಬಿಡುವಂತಿಲ್ಲ. ನಿರ್ಮಾಪಕ ಕೇಳಿದ ಧಾಟಿಯನ್ನು, ಕೇಳಿದ ದಿನಕ್ಕೆ ಒದಗಿಸಬೇಕು. ತಿಂಗಳ ಸಂಬಳದ ಆಸರೆಯಿದ್ದವರಿಗೆ ಬೇಡವೆನ್ನುವ ಸ್ವಾತಂತ್ರ್ಯವಿತ್ತು. ಆ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯೂ ಇತ್ತು. ಮದರಾಸಿನ ಧ್ವನಿಮುದ್ರಣಾಲಯಗಳಲ್ಲಿ ಕನ್ನಡ ಚಿತ್ರಗಳ ಹಾಡುಗಳು ಒಂದರ ಹಿಂದೊಂದು ತಯಾರಾಗುತ್ತಿದ್ದ ಕಾಲದಲ್ಲಿ, ರಜೆಯನ್ನು ಎಣಿಸಿಕೊಂಡು ಬದುಕುವ ನೌಕರನಿಗೆ ಆ ಪೈಪೋಟಿಯಲ್ಲಿ ನಿಲ್ಲುವುದು ಕಷ್ಟ. ಅಶ್ವತ್ಥರ ಚಿತ್ರಗಳ ಪಟ್ಟಿ ಉದ್ದವಾಗದೆ ಉಳಿಯಿತು. ಇದ್ದಷ್ಟು ಚಿತ್ರಗಳಲ್ಲಿ ಅನೇಕವು ಇಂದಿಗೂ ಜನರ ಕಿವಿಯಲ್ಲಿ ಉಳಿದಿವೆ.

ರಂಗದಿಂದ ಬೆಳ್ಳಿತೆರೆಗೆ

ಅಶ್ವತ್ಥರ ಕಲೆಯನ್ನು ಮೊದಲು ಪರೀಕ್ಷಿಸಿದ್ದು ಬೆಂಗಳೂರಿನ ಹವ್ಯಾಸಿ ರಂಗಭೂಮಿ. 1970ರ ದಶಕದಲ್ಲಿ ಈ ರಂಗಭೂಮಿಗೆ ಹೊಸ ಜೀವ ಬಂದಿತ್ತು. ನಾಟಕದ ಹಾಡಿಗೆ ತನ್ನದೇ ಆದ ಒಂದು ಕಟ್ಟಳೆಯುಂಟು. ಹಿಂದಿನ ಸಾಲಿನಲ್ಲಿ ಕುಳಿತ ಪ್ರೇಕ್ಷಕನಿಗೂ ಪ್ರತಿಯೊಂದು ಅಕ್ಷರ ಕೇಳಿಸಬೇಕು. ಹಾಡು ಮುಗಿಯುವುದರೊಳಗೆ ಕಥೆ ಒಂದು ಹೆಜ್ಜೆ ಮುಂದೆ ಹೋಗಿರಬೇಕು. ಮಾತು ತಿಳಿಯದೆ ಹೋದರೆ ಎಂಥ ಸುಂದರ ರಾಗವೂ ರಂಗದ ಮೇಲೆ ವ್ಯರ್ಥ. ಈ ಪಾಠವನ್ನು ಅಶ್ವತ್ಥರು ಕೊನೆಯವರೆಗೂ ಮರೆಯಲಿಲ್ಲ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಕಾಕನಕೋಟೆ' ನಾಟಕ ಸಿ. ಆರ್. ಸಿಂಹ ಅವರ ನಿರ್ದೇಶನದಲ್ಲಿ 1977ರಲ್ಲಿ ಚಲಚ್ಚಿತ್ರವಾದಾಗ ಸಂಗೀತದ ಹೊಣೆ ಅಶ್ವತ್ಥರದಾಯಿತು. ಹೆಗ್ಗಡದೇವನಕೋಟೆಯ ಕಡೆಯ ಕಾಡುಕುರುಬರ ಬಾಳನ್ನು ಕುರಿತ ಆ ಕಥೆಗೆ ಕಾಡಿನ ಗಾಳಿಯಾಡುವಂಥ ಹಾಡುಗಳು ಬೇಕಾಗಿದ್ದವು. ಸೂರ್ಯೋದಯವನ್ನು ಕಂಡು ಹಿಗ್ಗುವ ಅದರ ಹಾಡೊಂದು ಶಾಲೆಯ ಮಕ್ಕಳ ಬಾಯಲ್ಲಿಯೂ ನೆಲೆಸಿತು.

ಆ ಬಳಿಕ ಅವರಿಗೆ ಒಬ್ಬ ಸಮರ್ಥ ಜೊತೆಗಾರ ದೊರೆತರು. ಅವರೇ ಎಲ್. ವೈದ್ಯನಾಥನ್. ಪಿಟೀಲು ವಿದ್ವಾಂಸರಾದ ಎಲ್. ಸುಬ್ರಹ್ಮಣ್ಯಂ ಮತ್ತು ಎಲ್. ಶಂಕರ್ ಇವರ ಸೋದರ. ಶಂಕರ್‌ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ದೂರದರ್ಶನ ಮಾಲಿಕೆಯ ಆರಂಭದಲ್ಲಿ ಕೇಳಿಬರುವ, ದೇಶಕ್ಕೆ ದೇಶವೇ ಗುನುಗಿದ ಆ ರಾಗ ಇವರದೇ. 'ಅಶ್ವತ್ಥ್-ವೈದಿ' ಎಂಬ ಜೋಡಿ ಹೆಸರಿನಲ್ಲಿ 'ನಾರದ ವಿಜಯ', 'ಅನುಪಮ', 'ಆಲೆಮನೆ' ಮುಂತಾದ ಚಿತ್ರಗಳು ಬಂದವು. 1981ರಲ್ಲಿ ತೆರೆಕಂಡ 'ಆಲೆಮನೆ'ಗಾಗಿ ದೊಡ್ಡರಂಗೇಗೌಡರು ಬರೆದ, ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಮಂದಾರ ಹೂವಿನ ಗೀತೆ ಇಂದಿಗೂ ಬಾಡಿಲ್ಲ. ಒಬ್ಬರು ಮಾತಿನ ಭಾವವನ್ನು ಹಿಡಿದು ಧಾಟಿ ಕಟ್ಟಬಲ್ಲವರು, ಇನ್ನೊಬ್ಬರು ವಾದ್ಯಗೋಷ್ಠಿಯ ಮರ್ಮಬಲ್ಲವರು. ಇಬ್ಬರ ಬಲ ಕೂಡಿದ್ದರಿಂದ ಹಾಡುಗಳಿಗೆ ಮೈಯೂ ಬಂತು, ಜೀವವೂ ಬಂತು.

ಓದುವ ಕವಿತೆ, ಹಾಡುವ ಕವಿತೆ

ಅಶ್ವತ್ಥರ ನಿಜವಾದ ಕಾರ್ಯಕ್ಷೇತ್ರ ಭಾವಗೀತೆ. ಈ ದಾರಿಯನ್ನು ಮೊದಲು ಸವೆಸಿದವರು ಪಿ. ಕಾಳಿಂಗರಾಯರು. ಆಧುನಿಕ ಕವಿಗಳ ರಚನೆಗಳನ್ನು ವೇದಿಕೆಯ ಮೇಲೂ ಗ್ರಾಮಫೋನ್ ತಟ್ಟೆಗಳಲ್ಲೂ ಹಾಡಿ, ಕವಿತೆಯನ್ನು ಹೀಗೂ ಸವಿಯಬಹುದೆಂದು ಕನ್ನಡಿಗರಿಗೆ ತೋರಿಸಿಕೊಟ್ಟರು. ಅವರ ತರುವಾಯ ಮೈಸೂರು ಅನಂತಸ್ವಾಮಿಯವರು ಬಂದರು. ನಿಸಾರ್ ಅಹಮದರ ಕವಿತೆಗಳಿಗೆ ಅವರು ಸ್ವರ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಹೊರಬಂತು. ಕಡಿಮೆ ಬೆಲೆಯ ಕ್ಯಾಸೆಟ್ಟು ಮನೆಮನೆಯನ್ನು ಸೇರತೊಡಗಿದ್ದ ಕಾಲವದು. ಕವಿತೆಗೆ ಇಷ್ಟು ದೊಡ್ಡ ಪೇಟೆಯಿದೆಯೆಂದು ಅದುವರೆಗೆ ಯಾರೂ ಊಹಿಸಿರಲಿಲ್ಲ.

ಆದರೆ ಸಾಹಿತ್ಯಲೋಕದಲ್ಲಿ ಈ ಬೆಳವಣಿಗೆಯನ್ನು ಎಲ್ಲರೂ ಒಪ್ಪಿಕೊಂಡಿರಲಿಲ್ಲ. ಕವಿತೆಯೆಂದರೆ ಏಕಾಂತದಲ್ಲಿ ಓದಿ ಮನನ ಮಾಡುವ ವಸ್ತು. ಹಾಡಿದರೆ ರಾಗ ಗೆದ್ದು ಅರ್ಥ ಸೋಲುತ್ತದೆ ಎಂಬ ವಾದ ನವ್ಯ ಕಾವ್ಯದ ದಿನಗಳಿಂದ ಬಲವಾಗಿ ಬೇರೂರಿತ್ತು. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಕೇಳುಗನಿಗೆ ಧಾಟಿ ನೆನಪಿದ್ದು ಪದ ಮರೆತುಹೋಗುವುದು ದಿನನಿತ್ಯದ ಅನುಭವ. ಮೇಲಾಗಿ, ಒಂದು ಕವಿತೆಗೆ ನಾಲ್ಕು ಅರ್ಥಗಳಿದ್ದರೆ ಧಾಟಿ ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದ ಮೂರಕ್ಕೆ ಬಾಗಿಲು ಹಾಕಿಬಿಡುತ್ತದೆ.

ಈ ಆಕ್ಷೇಪಣೆಗೆ ಅಶ್ವತ್ಥರು ಲೇಖನ ಬರೆದು ಉತ್ತರ ಹೇಳಬೇಕಾಗಿರಲಿಲ್ಲ. ಅವರು ಹಾಡು ಕಟ್ಟಿದ ಬಗೆಯೇ ಉತ್ತರವಾಯಿತು. ಕನ್ನಡ ಕವಿತೆಯ ನಡೆ ಮಾತ್ರೆಗಳ ಮೇಲೆ ನಿಂತಿದೆ. ಐದೈದು ಮಾತ್ರೆಯ ಗಣಗಳಿದ್ದರೆ ಒಂದು ನಡೆ, ಭಾಮಿನಿ ಷಟ್ಪದಿಯಂತೆ ಮೂರು-ನಾಲ್ಕು ಮಾತ್ರೆಗಳು ಬೆರೆತಿದ್ದರೆ ಇನ್ನೊಂದು, ಮೂರು ಮೂರರ ಉತ್ಸಾಹಲಯವಿದ್ದರೆ ಮತ್ತೊಂದು. ಈ ನಡೆಯನ್ನು ಗುರುತಿಸದೆ ತಾಳಕ್ಕೆ ಹೊಂದಿಸಹೊರಟರೆ ಪದ ಎಲ್ಲೆಂದರಲ್ಲಿ ಮುರಿಯುತ್ತದೆ; ಅರ್ಥ ಕೆಡುವುದು ಅಲ್ಲಿಯೇ. ಅಶ್ವತ್ಥರ ಉತ್ತಮ ರಚನೆಗಳಲ್ಲಿ ಪದ ಮುರಿಯುವುದಿಲ್ಲ. ಭಾರ ಬೀಳಬೇಕಾದ ಮಾತಿನ ಮೇಲೆಯೇ ಸ್ವರ ನಿಲ್ಲುತ್ತದೆ. ಬೇಕೆಂದಾಗ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿ, ಒಮ್ಮೆ ಪ್ರಶ್ನೆಯಾಗಿ, ಒಮ್ಮೆ ಮೊರೆಯಾಗಿ, ಒಮ್ಮೆ ಅಚ್ಚರಿಯಾಗಿ ತೋರಿಸುತ್ತಿದ್ದರು. ಧಾಟಿ ಅರ್ಥದ ಬಾಗಿಲನ್ನು ಹಾಕುತ್ತದೆ ಎಂದವರಿಗೆ, ತೆರೆಯಲೂ ಬಲ್ಲದೆಂಬುದಕ್ಕೆ ಇದು ನಿದರ್ಶನವಾಯಿತು. ಜಿ. ಎಸ್. ಶಿವರುದ್ರಪ್ಪನವರ ಕಾಣದ ಕಡಲಿನ ಕವಿತೆಯನ್ನು ಅವರ ಧಾಟಿಯಲ್ಲಿ ಕೇಳಿದವರಿಗೆ ಈ ಮಾತಿನ ಸತ್ಯ ತಿಳಿದೀತು. ಕಡಲನ್ನೇ ಕಾಣದ ಒಳನಾಡಿನ ಮನುಷ್ಯನ ಹಂಬಲವೆಲ್ಲ ಅದರಲ್ಲಿ ತುಂಬಿದೆ.

ಅವರ ಕಂಠವೂ ಸಾಮಾನ್ಯವಾದುದಲ್ಲ. ಜೇನು ಸುರಿಸುವ ನಯ ಅದರಲ್ಲಿರಲಿಲ್ಲ. ತೆರೆದ ಗಂಟಲಿನ, ತಾರಸ್ಥಾಯಿಯಲ್ಲಿ ಕೆಚ್ಚಿನಿಂದ ನಿಲ್ಲುವ, ಅಲ್ಪಸ್ವಲ್ಪ ಒರಟೂ ಆದ ದನಿ. ಇದು ಭಾವಗೀತೆಯ ಕೋಮಲತೆಗೆ ಸಲ್ಲದೆಂದು ಮೂಗುಮುರಿದವರುಂಟು. ವೇದಿಕೆಯ ಮೇಲಿನ ಅವರ ಆವೇಶ ಅತಿಯಾಯಿತೆಂದವರೂ ಉಂಟು. ಆದರೆ ಆ ದನಿಯನ್ನು ಕೇಳಿ ಇದು ಯಾರದೆಂದು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಶಿಶುನಾಳದ ಸಂತ, ದಕ್ಷಿಣದ ಗಾಯಕ

ಈ ದನಿಗೆ ತಕ್ಕ ಸಾಹಿತ್ಯ ಸಿಕ್ಕಿದ್ದು ಶಿಶುನಾಳ ಶರೀಫ ಸಾಹೇಬರ ತತ್ವಪದಗಳಲ್ಲಿ. ಶರೀಫರು 1819ರಲ್ಲಿ, ಈಗ ಹಾವೇರಿ ಜಿಲ್ಲೆಗೆ ಸೇರಿರುವ ಶಿಶುವಿನಹಾಳದಲ್ಲಿ ಹುಟ್ಟಿದವರು. ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದವರು. ಅವರ ಪದಗಳು ಉತ್ತರ ಕರ್ನಾಟಕದ ಹಳ್ಳಿಗಳ ಭಜನಾಮೇಳಗಳಲ್ಲಿ ಏಕತಾರಿ ತಾಳಗಳೊಡನೆ ಬಾಯಿಂದ ಬಾಯಿಗೆ ಹರಿದು ಬಂದಿದ್ದವು. ಹಳೆಯ ಮೈಸೂರು ಸೀಮೆಯಲ್ಲಿ ಅವುಗಳ ಪರಿಚಯವಿದ್ದವರು ಕಡಿಮೆ. ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ಸಂಪಾದಿಸಿ ಪ್ರಚುರಪಡಿಸಿದರು. ಜನ ಅವರನ್ನು 'ಶರೀಫ ಭಟ್ಟರು' ಎಂದೇ ಕರೆಯುವಷ್ಟು ಆ ಕೆಲಸ ಹೆಸರಾಯಿತು. ಅವುಗಳಿಗೆ ಹೊಸ ಧಾಟಿ ಕಟ್ಟಿ ಹಾಡಿದವರು ಅಶ್ವತ್ಥರು.

ಹಳೆಯ ಮಟ್ಟುಗಳಿರುವ ಪದಕ್ಕೆ ಹೊಸ ಮಟ್ಟು ಹಾಕುವುದು ದೊಡ್ಡ ಜವಾಬ್ದಾರಿಯ ಕೆಲಸ. ಚನ್ನರಾಯಪಟ್ಟಣದವರ ನಾಲಗೆಯ ಮೇಲೆ ಧಾರವಾಡದ ಸೀಮೆಯ ಮಾತು ಹೊರಳಬೇಕು. ಒಗಟಿನಂಥ ಸಾಲುಗಳ ಹಿಂದಿನ ಅನುಭಾವ ಕೇಳುಗನಿಗೆ ಮುಟ್ಟಬೇಕು. ಇಲ್ಲಿ ಅಶ್ವತ್ಥರ ಒರಟು ಕಂಠವೇ ವರವಾಯಿತು. ಅಲೆಮಾರಿ ಸಂತನ ದನಿ ನಯವಾಗಿದ್ದರೆ ನಂಬುವವರು ಯಾರು? ಕ್ಯಾಸೆಟ್ಟುಗಳ ಮೂಲಕ ಶರೀಫರು ತುಂಗಭದ್ರೆಯನ್ನು ದಾಟಿ ಹಾಸನ, ಮಂಡ್ಯ, ಮೈಸೂರುಗಳ ಮನೆಗಳಿಗೆ ಬಂದರು. ಟಿ. ಎಸ್. ನಾಗಾಭರಣರು 'ಸಂತ ಶಿಶುನಾಳ ಶರೀಫ' ಚಿತ್ರವನ್ನು ನಿರ್ಮಿಸಿದಾಗ, ತೆರೆಯ ಮೇಲೆ ಶರೀಫರಾಗಿ ಶ್ರೀಧರ್, ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡರು ನಟಿಸಿದರು. ಶರೀಫರ ಕಂಠ ಮಾತ್ರ ಅಶ್ವತ್ಥರದು. ರಾಷ್ಟ್ರೀಯ ಭಾವೈಕ್ಯವನ್ನು ಸಾರುವ ಚಿತ್ರಕ್ಕೆ ಸಲ್ಲುವ ನರ್ಗಿಸ್ ದತ್ ಪ್ರಶಸ್ತಿ 1989ನೆಯ ಸಾಲಿನಲ್ಲಿ ಈ ಚಿತ್ರಕ್ಕೆ ದೊರೆಯಿತು.

ಮಲ್ಲಿಗೆ, ಮುತ್ತ, ನಾಗ

ನಾಗಾಭರಣ ಮತ್ತು ಅಶ್ವತ್ಥರ ಜೊತೆಗಾರಿಕೆ ಅಲ್ಲಿಗೆ ನಿಲ್ಲಲಿಲ್ಲ. ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಪ್ರಕಟವಾದ ಕವನ ಸಂಕಲನ. ಅದನ್ನು ಚಲಚ್ಚಿತ್ರ ಮಾಡುವುದೆಂದರೆ ಹುಡುಗಾಟವಲ್ಲ, ಏಕೆಂದರೆ ಅದರಲ್ಲಿ ಕಥೆಯೇ ಇಲ್ಲ. ದಾಂಪತ್ಯದ ಬಿಡಿಬಿಡಿ ಚಿತ್ರಗಳಿವೆ. ಹಾಡುಗಳೇ ಕಥೆಯ ಕಂಬಗಳಾಗಿ ನಿಲ್ಲಬೇಕಾಯಿತು. 1992ರಲ್ಲಿ ತೆರೆಗೆ ಬಂದ ಈ ಚಿತ್ರದ ಸಂಗೀತ ಅಶ್ವತ್ಥರದು. ಕವಿ ಹುಟ್ಟಿದ ಕಿಕ್ಕೇರಿ ಚನ್ನರಾಯಪಟ್ಟಣಕ್ಕೆ ನೆರೆಯ ಊರು. ಶ್ರವಣಬೆಳಗೊಳವನ್ನು ದಾಟಿ ಕೃಷ್ಣರಾಜಪೇಟೆಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಕವಿತೆಗಳಲ್ಲಿ ಬರುವ ತವರು, ತೋಟ, ಬಳೆಗಾರ, ಹೊಲದ ದಾರಿ ಇವು ಸಂಗೀತ ನಿರ್ದೇಶಕರಿಗೂ ಬಾಲ್ಯದ ನೆರೆಹೊರೆಯೇ. 1991ನೆಯ ಸಾಲಿನ ಅತ್ಯುತ್ತಮ ಗೀತರಚನೆಯ ರಾಷ್ಟ್ರಪ್ರಶಸ್ತಿ ಈ ಚಿತ್ರಕ್ಕಾಗಿ ನರಸಿಂಹಸ್ವಾಮಿಯವರಿಗೆ ಸಂದಿತು. ಅರ್ಧ ಶತಮಾನದ ಹಿಂದೆ ಬರೆದ ಕವಿತೆ ಸಿನಿಮಾ ಹಾಡಾಗಿ ಪ್ರಶಸ್ತಿ ಪಡೆದದ್ದು ವಿರಳವಾದ ಸಂಗತಿ.

ಮರುವರ್ಷ 'ಚಿನ್ನಾರಿ ಮುತ್ತ' ಬಂತು. ಹಳ್ಳಿಯಿಂದ ಪಟ್ಟಣ ಸೇರಿ ಓಟಗಾರನಾಗುವ ಹುಡುಗನ ಕಥೆಗೆ ಎಚ್. ಎಸ್. ವೆಂಕಟೇಶಮೂರ್ತಿಯವರು ಹಾಡು ಬರೆದರು. ಮಕ್ಕಳ ಹಾಡಿಗೆ ರಾಗ ಹಾಕುವವರು ಬಹುಮಟ್ಟಿಗೆ ಬೆಲ್ಲದ ಪಾಕ ಹೆಚ್ಚಿಸಿಬಿಡುತ್ತಾರೆ. ಅಶ್ವತ್ಥರು ಮಕ್ಕಳ ಓಟ, ಬೀಳು, ಅಳು, ನಗುಗಳ ಲಯವನ್ನೇ ಹಿಡಿದರು. 1997ರ 'ನಾಗಮಂಡಲ'ದಲ್ಲಿ ಅವರ ಸಂಗೀತ ಮತ್ತೆ ಉತ್ತರಕ್ಕೆ ತಿರುಗಿತು. ಕಾರ್ನಾಡರ ನಾಟಕವನ್ನು ಆಧರಿಸಿದ ಆ ಚಿತ್ರಕ್ಕೆ ಗೋಪಾಲ ವಾಜಪೇಯಿಯವರು ಆ ಕಡೆಯ ನುಡಿಯಲ್ಲಿ ಹಾಡುಗಳನ್ನು ಬರೆದಿದ್ದರು. ಗಂಡನ ಒಲವಿಲ್ಲದೆ ಮನೆಯೊಳಗೆ ಒಂಟಿಯಾದ ಹೆಣ್ಣು ಕಂಬದ ಬೊಂಬೆಯೊಡನೆ ಮಾತನಾಡುವ ಹಾಡನ್ನು ಸಂಗೀತಾ ಕಟ್ಟಿಯವರ ದನಿಯಲ್ಲಿ ಕೇಳಿ ಕಣ್ಣೊದ್ದೆ ಮಾಡಿಕೊಳ್ಳದ ಗೃಹಿಣಿಯರು ವಿರಳ.

ಲಕ್ಷ ಜನ ಕೇಳಿದ ಕವಿತೆ

2005ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಎಂಬ ಹೆಸರಿನ ಕಾರ್ಯಕ್ರಮವನ್ನು ಅಶ್ವತ್ಥರು ನಡೆಸಿಕೊಟ್ಟರು. ನೆರೆದವರ ಸಂಖ್ಯೆ ಲಕ್ಷವನ್ನು ಮುಟ್ಟಿತೆಂದು ಅಂದಿನ ವರದಿಗಳು ಹೇಳಿದವು. ಸಿನಿಮಾ ತಾರೆಯನ್ನು ನೋಡಲು ಲಕ್ಷ ಜನ ಸೇರುವುದು ಹೊಸತಲ್ಲ. ಕವಿಗಳ ರಚನೆಗಳನ್ನು ಕೇಳಲು ಅಷ್ಟು ಜನ ಸೇರಿದ್ದು ಹೊಸತು. ಕವಿತೆ ಏಕಾಂತದ ವಸ್ತುವೆಂದವರ ವಾದಕ್ಕೆ ಅರಮನೆಯ ಮೈದಾನ ಅಂದು ತನ್ನದೇ ಆದ ಉತ್ತರ ಕೊಟ್ಟಿತು.

2009ರ ಡಿಸೆಂಬರ್ 29ರಂದು, ಎಪ್ಪತ್ತು ವರ್ಷ ತುಂಬಿದ ದಿನವೇ, ಅಶ್ವತ್ಥರು ಬೆಂಗಳೂರಿನಲ್ಲಿ ತೀರಿಕೊಂಡರು. ಶಿಶುನಾಳ ಶರೀಫರು ಕಾಲವಾದದ್ದು 1889ರಲ್ಲಿ. ಅವರೂ ಎಪ್ಪತ್ತು ತುಂಬಿ, ಹುಟ್ಟಿದ ದಿನವೇ ದೇಹ ಬಿಟ್ಟರೆಂಬ ನಂಬಿಕೆ ಜನರಲ್ಲಿದೆ. ಶರೀಫರ ಪದಗಳನ್ನು ನಾಡಿಗೆಲ್ಲ ಹಂಚಿದ ಗಾಯಕನ ಬಾಳೂ ಅದೇ ಅಳತೆಯಲ್ಲಿ ಮುಗಿದದ್ದನ್ನು ಕಂಡು ರಸಿಕರು ಬೆರಗಾದರು.

ಕ್ಯಾಸೆಟ್ಟಿನ ಕಾಲ ಇಂದು ಮುಗಿದಿದೆ. ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿದ್ದ ಭಾವಗೀತೆಯ ಸುರುಳಿಗಳು ಅಟ್ಟ ಸೇರಿವೆ. ಹಾಡುಗಳು ಕೈಯಲ್ಲಿ ಹಿಡಿಯುವ ದೂರವಾಣಿಯೊಳಗೆ ಬಂದು ಕುಳಿತಿವೆ. ದೂರವಾಣಿ ಕಾರ್ಖಾನೆಯಲ್ಲಿ ದುಡಿದವರ ದನಿಗೆ ಅದೇನೂ ಪರಕೀಯವಾದ ಮನೆಯಲ್ಲ. ಆದರೆ ನಷ್ಟವೊಂದು ಆಗಿದೆ. ಸುರುಳಿಯ ಹೊದಿಕೆಯ ಮೇಲೆ ಕವಿಯ ಹೆಸರಿರುತ್ತಿತ್ತು, ಸಂಕಲನದ ಹೆಸರಿರುತ್ತಿತ್ತು. ಹಾಡು ಕೇಳಿ ಮೆಚ್ಚಿದವರು ಪುಸ್ತಕ ಹುಡುಕಿ ಹೋಗಲು ಅದೊಂದು ದಾರಿ. ಈಗ ಹಾಡು ಬಿಡಿಯಾಗಿ ಬರುತ್ತದೆ. ಹಾಡಿದವರ ಹೆಸರು ಗೊತ್ತು, ಬರೆದವರ ಹೆಸರು ಗೊತ್ತಿಲ್ಲ ಎನ್ನುವ ಎಳೆಯರ ಸಂಖ್ಯೆ ಹೆಚ್ಚುತ್ತಿದೆ. ಮಾತಿಗೇ ಮೊದಲ ಮಣೆ ಹಾಕಿದ ಸಂಗೀತಗಾರರಿಗೆ ಇದು ತೃಪ್ತಿ ಕೊಡುವ ಸ್ಥಿತಿಯಾಗಲಾರದು.

ಹಾಗೆಂದು ನಿರಾಶೆಗೆ ಕಾರಣವಿಲ್ಲ. ಅಕ್ಷರ ಬಾರದ ಅಜ್ಜಿಯೊಬ್ಬಳು ಭತ್ತ ಕೇರುತ್ತ ನರಸಿಂಹಸ್ವಾಮಿಯವರ ಕವಿತೆಯನ್ನು ಗುನುಗಬಲ್ಲಳಾದರೆ, ಅವಳ ಪಾಲಿಗೆ ಅಶ್ವತ್ಥರೇ ಪುಸ್ತಕ. ಓದುಬಲ್ಲವರ ಕರ್ತವ್ಯ ಇನ್ನೊಂದು ಹೆಜ್ಜೆಯದು: ಹಾಡು ಮುಗಿದ ಮೇಲೆ ಸಂಕಲನವನ್ನು ತೆರೆದು, ಆ ಕವಿತೆಯನ್ನು ಒಮ್ಮೆ ಮೌನವಾಗಿ ಓದುವುದು.